ಮಾನವಾಧಿಕಾರಗಳ ಗ್ರಂಥಸಂಗ್ರಹ: ಬಳ್ಳಾರಿ ಸೀಮೆಯ ನಿದರ್ಶನದಿಂದ ಒಂದು ವಿಮರ್ಶೆ

ಮಾನವ ಹಕ್ಕುಗಳ ಅಭ್ಯಾಸವು ನಮ್ಮ ವಿಶ್ವವಿದ್ಯಾಲಯಗಳ ಪಾಠಕ್ರಮದಲ್ಲಿ ಸೇರಿದಂದಿನಿಂದ, ಆ ಹೆಸರಿನ ಒಂದು ವಿಭಾಗವನ್ನು ಪುಸ್ತಕಭಂಡಾರಗಳಲ್ಲಿ ಬೇರೆಯಾಗಿ ಏರ್ಪಡಿಸುವ ಪದ್ಧತಿಯೂ ಬೆಳೆದುಬಂದಿದೆ. ಉದ್ದೇಶವು ಸ್ತುತ್ಯವಾದುದೇ. ಆದರೆ ಇಂತಹ ವಿಭಾಗಗಳಿಗಾಗಿ ಸಿದ್ಧವಾಗುವ ಪಟ್ಟಿಗಳ ಸ್ವರೂಪವು ಬಹುಮಟ್ಟಿಗೆ ಒಂದೇ ಆಗಿರುವುದು. ೧೯೪೮ನೆಯ ಇಸವಿ ಡಿಸೆಂಬರ್ ೧೦ರಂದು ವಿಶ್ವಸಂಸ್ಥೆಯು ಅಂಗೀಕರಿಸಿದ ಸಾರ್ವತ್ರಿಕ ಘೋಷಣೆ, ೧೯೬೬ರ ಎರಡು ಒಡಂಬಡಿಕೆಗಳು, ಭಾರತ ಸಂವಿಧಾನದ ಮೂರನೆಯ ಭಾಗ, ೧೯೯೩ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯಿದೆ, ಇವುಗಳ ಮೇಲೆ ಇಂಗ್ಲಿಷಿನಲ್ಲಿ ಹುಟ್ಟಿದ ವ್ಯಾಖ್ಯಾನಗಳು, ಆ ವ್ಯಾಖ್ಯಾನಗಳ ಸಾರಸಂಗ್ರಹಗಳು. ಪಟ್ಟಿಯು ಇಲ್ಲಿಗೆ ಮುಗಿಯಿತು. ಇವು ಬೇಡವೆಂದು ಹೇಳುವವರಾರು? ಆದರೆ ಬಳ್ಳಾರಿಯಲ್ಲಿಟ್ಟರೂ ಬರ್ಲಿನ್ನಿನಲ್ಲಿಟ್ಟರೂ ವ್ಯತ್ಯಾಸ ತೋರದ ಸಂಗ್ರಹವು ಬಳ್ಳಾರಿಯಲ್ಲಿಯೇ ಏಕೆ ಇರಬೇಕೆಂದು ಕೇಳಿದರೆ ಉತ್ತರ ಕೊಡುವುದು ಕಷ್ಟ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡುಗಳ ಸೀಮೆಯನ್ನು ನಿದರ್ಶನವಾಗಿಟ್ಟುಕೊಂಡು ಇಂತಹ ಸಂಗ್ರಹವು ಹೇಗಿರತಕ್ಕುದೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶವಾಗಿದೆ. ನಮ್ಮ ಪಕ್ಷವನ್ನು ಮೊದಲೇ ಹೇಳಿಬಿಡುವೆವು. ಹಕ್ಕೆಂಬುದು ಹಲವು ಶಾಸ್ತ್ರಗಳ ನಡುವೆ ಎದ್ದಿರುವ ವಿವಾದ. ವಿವಾದವನ್ನು ಸಂಗ್ರಹಿಸಹೊರಟವನು ಪೂರ್ವಪಕ್ಷವನ್ನು ಬಿಡಬಾರದು, ಸಾಕ್ಷಿಯನ್ನೂ ಬಿಡಬಾರದು. ಈಗಿನ ಪಟ್ಟಿಗಳು ಎರಡನ್ನೂ ಬಿಟ್ಟಿವೆ.

ಮೊದಲು ಶಬ್ದವಿಚಾರ. ‘ಹಕ್ಕು’ ಅರಬ್ಬೀ ಮೂಲದ ಮಾತು. ಪಾರಸಿಯ ದಾರಿಯಾಗಿ, ದಫ್ತರದ ಬಳಕೆಯಿಂದ ನಮ್ಮಲ್ಲಿ ನೆಲೆಸಿತು. ಮೂಲದಲ್ಲಿ ಅದಕ್ಕೆ ಸತ್ಯವೆಂದೂ ಸಲ್ಲತಕ್ಕುದೆಂದೂ ಅರ್ಥವುಂಟು. ಅದಕ್ಕೆ ಹಿಂದೆ ಶಾಸನಗಳ ಕನ್ನಡದಲ್ಲಿ ‘ಮಾನ್ಯ’, ‘ಸ್ವಾಮ್ಯ’, ‘ಆಯ’ ಮುಂತಾದ ಮಾತುಗಳಿದ್ದುವು. ಅವು ಒಬ್ಬೊಬ್ಬರಿಗೆ, ಒಂದೊಂದು ಕುಲಕ್ಕೆ, ಒಂದೊಂದು ದೇವಾಲಯಕ್ಕೆ ಸಂದವುಗಳೇ ಹೊರತು ಮನುಷ್ಯನಾದ ಮಾತ್ರಕ್ಕೆ ಸಲ್ಲುವಂಥವುಗಳಲ್ಲ. ಸಂಸ್ಕೃತದ ‘ಅಧಿಕಾರ’ ಶಬ್ದಕ್ಕೆ ಇಂದು ಆಳಿಕೆ, ದರ್ಪ ಎಂಬ ಅರ್ಥವೇ ರೂಢವಾಗಿದ್ದರೂ ಮೀಮಾಂಸಕರ ಪರಿಭಾಷೆಯಲ್ಲಿ ಅದು ಫಲಸ್ವಾಮ್ಯ. ಅರ್ಥಾತ್ ಕರ್ಮದಿಂದ ಹುಟ್ಟಿದ ಫಲಕ್ಕೆ ಒಡೆಯನಾಗುವಿಕೆ. ಈ ಅರ್ಥವನ್ನು ವಾಚಕರು ನೆನಪಿನಲ್ಲಿಡಬೇಕು. ಸಿರುಗುಪ್ಪದ ಗದ್ದೆಗಳಿಗೆ ಹೋದಾಗ ಅದು ಬೇಕಾಗುವುದು.

ಜೈಮಿನಿಸೂತ್ರಗಳ ಆರನೆಯ ಅಧ್ಯಾಯದ ಮೊದಲನೆಯ ಪಾದವು ಯಾರಿಗೆ ಯಜ್ಞದಲ್ಲಿ ಅಧಿಕಾರವೆಂಬುದನ್ನು ಚರ್ಚಿಸುತ್ತದೆ. ‘ಸ್ವರ್ಗಕಾಮ’ ಎಂಬ ಶಬ್ದವು ಪುಲ್ಲಿಂಗವಾದುದರಿಂದ ಗಂಡಸಿಗೆ ಮಾತ್ರವೇ ಅಧಿಕಾರವೆಂದು ಐತಿಶಾಯನನ ಮತ. ಲಿಂಗವು ಅಲ್ಲಿ ವಿವಕ್ಷಿತವಲ್ಲ, ಹೆಂಗಸಿಗೂ ಅಧಿಕಾರವುಂಟೆಂದು ಸಿದ್ಧಾಂತ. ಹೆಂಗಸರು ಕೊಡುಕೊಳೆಗೆ ಒಳಗಾಗುವರು, ಆದುದರಿಂದ ಅವರಿಗೆ ಸ್ವಂತ ದ್ರವ್ಯವೇ ಇಲ್ಲವೆಂಬ ಆಕ್ಷೇಪವನ್ನೂ ಅಲ್ಲಿಯೇ ಎತ್ತಿ ನಿರಾಕರಿಸಿದ್ದಾರೆ. ಈ ಚರ್ಚೆಯನ್ನು ಓದಿದವರಿಗೆ, ಸಾರ್ವತ್ರಿಕ ಘೋಷಣೆಯ ಮೊದಲನೆಯ ವಿಧಿಯಲ್ಲಿ ಪುರುಷವಾಚಕ ಶಬ್ದವಿದ್ದುದನ್ನು ಭಾರತದ ಪ್ರತಿನಿಧಿಯಾಗಿದ್ದ ಹಂಸಾ ಮೆಹ್ತಾ ಅವರು ಆಕ್ಷೇಪಿಸಿ, ಎಲ್ಲ ಮನುಷ್ಯರನ್ನೂ ಒಳಗೊಳ್ಳುವ ಶಬ್ದವನ್ನು ಇಡಿಸಿದ ಸಂಗತಿಯು ಹೊಸ ಬೆಳಕಿನಲ್ಲಿ ಕಾಣುವುದು. ಐತಿಶಾಯನನು ಎತ್ತಿದ ಸಂಶಯವೇ ಜಿನೀವ, ಪ್ಯಾರಿಸ್ಸುಗಳಲ್ಲಿಯೂ ಎದ್ದಿತು! ಆದರೆ ಇದೇ ಪಾದದಲ್ಲಿ, ಮುಂದೆ, ಶೂದ್ರರಿಗೆ ಅಧಿಕಾರವಿಲ್ಲವೆಂಬ ಅಪಶೂದ್ರಾಧಿಕರಣವೂ ಇದೆ. ಎಲ್ಲರಿಗೂ ಅಧಿಕಾರವುಂಟೆಂದು ಬಾದರಿಯು ಹೇಳಿದ ಮತವನ್ನು ಸೂತ್ರಕಾರನು ಅಲ್ಲಿ ತಳ್ಳಿಹಾಕಿದ್ದಾನೆ. ತಳ್ಳಿಹಾಕಿದರೂ ಹೆಸರು ಸಹಿತವಾಗಿ ಉಳಿಸಿದ್ದಾನೆ.

ನಮ್ಮವರಲ್ಲಿ ಈಗ ಎರಡು ಬಗೆಯವರುಂಟು. ಮಾನವ ಹಕ್ಕುಗಳೆಲ್ಲ ನಮ್ಮ ಪ್ರಾಚೀನರಿಗೆ ತಿಳಿದೇ ಇದ್ದುವೆಂದು ಹೇಳಿ ಅಪಶೂದ್ರಾಧಿಕರಣವನ್ನು ಮುಚ್ಚಿಡುವವರು ಒಬ್ಬರು. ಆ ಅಧಿಕರಣವಿರುವುದರಿಂದ ಗ್ರಂಥವನ್ನೇ ಕಪಾಟಿನಿಂದ ಇಳಿಸಬೇಕೆನ್ನುವವರು ಇನ್ನೊಬ್ಬರು. ಇಬ್ಬರೂ ಓದುಗನಿಗೆ ದ್ರೋಹ ಮಾಡುವರು. ಪಾಠಶಾಲೆಗಳಲ್ಲಿ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಒಪ್ಪಿಸಲಾರದ ವಿದ್ಯಾರ್ಥಿಗೆ ಸಿದ್ಧಾಂತವನ್ನು ಹೇಳುವ ಅರ್ಹತೆ ಇರಲಿಲ್ಲ. ಹಕ್ಕನ್ನು ನಿರಾಕರಿಸಿದ ವಾಕ್ಯಗಳು ಎಲ್ಲಿವೆ, ಯಾವ ಯುಕ್ತಿಯನ್ನು ಹೇಳಿದುವು ಎಂಬುದನ್ನು ಮೂಲದಲ್ಲಿಯೇ ಓದಲಾರದವನು ಅಂಬೇಡ್ಕರರ ಗ್ರಂಥಗಳನ್ನು ಓದಿದರೂ ಅವರು ಎಂತಹ ಕೋಟೆಯನ್ನು ಮುತ್ತಿದರೆಂಬುದನ್ನು ಅರಿಯನು.

ಇನ್ನು ವರ್ಗೀಕರಣದ ಮಾತು. ಡ್ಯೂಯಿಯ ದಶಮಾಂಶ ಕ್ರಮದಲ್ಲಿ ಪೌರಹಕ್ಕುಗಳಿಗೆ ೩೨೩, ದುಡಿಮೆಗೆ ೩೩೧, ಹಿಂದೂ ಮತಕ್ಕೆ ೨೯೪.೫, ಜಾನಪದಕ್ಕೆ ೩೯೮, ಹಿಂದೂದೇಶದ ಚರಿತ್ರೆಗೆ ೯೫೪. ಒಂದೊಂದಕ್ಕೂ ಒಂದೊಂದು ಗೂಡು. ರಂಗನಾಥನ್ನರು ೧೯೩೩ರಲ್ಲಿ ಪ್ರಕಟಿಸಿದ ಕೋಲನ್ ಕ್ರಮವು ಒಂದು ಗ್ರಂಥದ ಹಲವು ಮುಖಗಳನ್ನು ಸೂಚಿಸಲು ಅವಕಾಶ ಕೊಟ್ಟಿತು. ಆದರೂ ಕಟ್ಟಕಡೆಗೆ ಪುಸ್ತಕವು ಒಂದೇ ಕಡೆ ಕೂಡಬೇಕಾಗುವುದು. ಪುಸ್ತಕಗಳು ತಮ್ಮ ಗೂಡುಗಳಲ್ಲಿಯೇ ಇರಲಿ. ಅವುಗಳ ಮೇಲೆ ನಮ್ಮವರ ಅಧಿಕರಣಪದ್ಧತಿಯಂತೆ ಒಂದು ವಿವಾದಸೂಚಿಯನ್ನು ರಚಿಸಬೇಕೆಂಬುದು ನಮ್ಮ ಸೂಚನೆ. ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳ ಕೆಳಗೆ ಒಂದು ವಿವಾದಕ್ಕೆ ಸೇರಿದ ಗ್ರಂಥ, ದಾಖಲೆ, ಹಾಡು, ತೀರ್ಪುಗಳೆಲ್ಲ ಯಾವ ಗೂಡಿನಲ್ಲಿದ್ದರೂ ಒಂದೆಡೆ ಕಾಣುವಂತಾಗಬೇಕು. ಇದು ಹೇಗೆ ನಡೆಯುವುದೆಂಬುದಕ್ಕೆ ಬಸವಿಯ ವಿಷಯವನ್ನೇ ತೆಗೆದುಕೊಳ್ಳೋಣ.

ಗಂಡುಸಂತಾನವಿಲ್ಲದ ಮನೆಯವರು ಮಗಳಿಗೆ ಮುತ್ತು ಕಟ್ಟಿಸಿ ಬಸವಿ ಬಿಡುವ ಪದ್ಧತಿಯು ಬಳ್ಳಾರಿ ಸೀಮೆಯಲ್ಲಿ ಬಹುಕಾಲ ನಡೆದುಬಂದಿತು. ಫಾಸೆಟ್ ಎಂಬ ಪೋಲೀಸ್ ಅಧಿಕಾರಿಯು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮುಂಬಯಿಯ ಮಾನವಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಇದನ್ನು ಕುರಿತು ದೀರ್ಘವಾಗಿ ಬರೆದನು. ೧೯೦೯ರಲ್ಲಿ ಏಳು ಸಂಪುಟಗಳಾಗಿ ಹೊರಬಂದ ಥರ್ಸ್ಟನ್ನನ ಜಾತಿಕೋಶದಲ್ಲಿಯೂ ಆ ವಿಷಯ ಸೇರಿದೆ. ಫಾಸೆಟ್ಟನು ತನ್ನ ಲೇಖನದ ಶಿರೋನಾಮೆಯಲ್ಲಿಯೇ ಇವರನ್ನು ಗಂಡಸರ ಹಕ್ಕುಗಳನ್ನು ಪಡೆದ ಹೆಂಗಸರೆಂದು ಕರೆದನು. ಮಾತು ಸುಳ್ಳಲ್ಲ. ಬಸವಿಯು ಮಗನ ಸ್ಥಾನದಲ್ಲಿ ನಿಂತು ತಂದೆಯ ಆಸ್ತಿಗೆ ಬಾಧ್ಯಳಾಗುವಳು, ತಂದೆಯ ಉತ್ತರಕ್ರಿಯೆಯನ್ನು ಮಾಡುವಳು, ಅವಳ ಮಕ್ಕಳು ತಾಯಿಯ ತವರಿನ ಮನೆತನಕ್ಕೆ ಸೇರುವರು. ಧರ್ಮಶಾಸ್ತ್ರವನ್ನು ಬಲ್ಲವರಿಗೆ ಕೂಡಲೆ ‘ಪುತ್ರಿಕೆ’ಯ ನೆನಪಾಗುವುದು. ಮಗನಿಲ್ಲದವನು ಮಗಳನ್ನೇ ಮಗನೆಂದು ನಿಯಮಿಸಿ ಅವಳ ಮಗನನ್ನು ತನ್ನವನನ್ನಾಗಿ ಮಾಡಿಕೊಳ್ಳುವ ವಿಧಾನವನ್ನು ಮನುವೂ ಹೇಳಿದ್ದಾನೆ. ಆದರೆ ಪುತ್ರಿಕೆಗೆ ಮದುವೆಯುಂಟು, ಬಸವಿಗೆ ಇಲ್ಲ. ವ್ಯತ್ಯಾಸವೆಲ್ಲ ಇಲ್ಲಿದೆ.

ಈಗ ನೋಡಿರಿ: ಆಸ್ತಿಯ ಹಕ್ಕಿನ ಗ್ರಂಥಗಳನ್ನು ಮಾತ್ರ ಓದಿದವನಿಗೆ ಬಸವಿಯು ಹಕ್ಕನ್ನು ಪಡೆದವಳಾಗಿ ತೋರುವಳು. ಜಾತಿಕೋಶವನ್ನು ಓದಿದವನಿಗೆ ಅವಳೊಂದು ವಿಚಿತ್ರಾಚಾರ. ವೈದ್ಯರ ವರದಿಗಳನ್ನು ಓದಿದವನಿಗೆ ಒಂದು ರೋಗದ ಎಣಿಕೆ. ಬಳ್ಳಾರಿ ಅಂದು ಮದ್ರಾಸ್ ಪ್ರಾಂತದಲ್ಲಿದ್ದುದರಿಂದ ೧೯೪೭ರ ಮದ್ರಾಸ್ ದೇವದಾಸೀ ಸಮರ್ಪಣ ನಿಷೇಧದ ಕಾಯಿದೆಯು ಇಲ್ಲಿಗೂ ಅನ್ವಯಿಸಿತು. ಆ ಕಾಯಿದೆಯ ಹಿಂದೆ ಡಾಕ್ಟರ್ ಮುತ್ತುಲಕ್ಷ್ಮೀ ರೆಡ್ಡಿಯವರ ಎರಡು ದಶಕಗಳ ಪ್ರಯತ್ನವಿತ್ತು. ೧೯೮೨ರಲ್ಲಿ ಕರ್ನಾಟಕದ ಶಾಸಕಾಂಗವು ತಾನೂ ಕಾಯಿದೆ ಮಾಡಿತು. ಮೂವತ್ತೈದು ವರ್ಷಗಳ ಅಂತರದಲ್ಲಿ ಅದೇ ಆಚಾರಕ್ಕೆ ಎರಡನೆಯ ನಿಷೇಧ ಬೇಕಾಯಿತೆಂದರೆ, ಮೊದಲನೆಯದು ಎಲ್ಲಿ ಸೋತಿತೆಂಬುದನ್ನು ಕಾನೂನಿನ ಗ್ರಂಥವು ತಾನಾಗಿ ಹೇಳಲಾರದು. ಬಸವಿಗೆ ದೊರೆತ ಹಕ್ಕಿಗೆ ಅವಳು ತೆತ್ತ ಬೆಲೆಯೇನೆಂಬುದು ಅವಳ ಮಾತಿನಲ್ಲಿಯೇ ತಿಳಿಯಬೇಕು. ಎಲ್ಲಮ್ಮನ ಭಕ್ತರ ಚೌಡಿಕೆ ಪದಗಳಲ್ಲಿ, ಶಾಲೆಯ ದಾಖಲಾತಿಯಲ್ಲಿ ತಂದೆಯ ಹೆಸರಿನ ಅಂಕಣದ ಮುಂದೆ ನಿಂತ ಮಕ್ಕಳ ಅನುಭವದಲ್ಲಿ ಸ್ವಲ್ಪಮಟ್ಟಿಗೆ ತಿಳಿಯಬಹುದು. ಈ ಬಗೆಯ ಸಾಮಗ್ರಿಯು ಒಂದೇ ಸೂಚಿಯ ಕೆಳಗೆ ಬಾರದಿದ್ದರೆ ಸಂಶೋಧಕನು ಬಸವಿಯ ಒಂದೊಂದು ಚೂರನ್ನು ಕಂಡು ಅದನ್ನೇ ಬಸವಿಯೆಂದು ಬರೆಯುವನು. ಅಂತಹ ಪ್ರಬಂಧಗಳಿಗೆ ಈಗ ಕೊರತೆಯಿಲ್ಲ.

ಇದಕ್ಕೆ ಹತ್ತಿರದ ಇನ್ನೊಂದು ಗ್ರಂಥವನ್ನು ಇಲ್ಲಿಯೇ ಹೆಸರಿಸುವುದು ಯುಕ್ತ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ, ಜೋಗತಿ ಕಲೆಯಿಂದ ಹೆಸರಾದ, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದ ಮಂಜಮ್ಮ ಜೋಗತಿಯವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’. ಜೇಡರ ದಾಸಿಮಯ್ಯನ ವಚನವೊಂದರ ನೆನಪು ಆ ಹೆಸರಿನಲ್ಲಿಯೇ ಇದೆ. ಈ ಪುಸ್ತಕವನ್ನು ಎಲ್ಲಿಡಬೇಕು? ಆತ್ಮಚರಿತ್ರೆಯೆಂದರೆ ಒಂದು ಗೂಡು, ಜಾನಪದವೆಂದರೆ ಇನ್ನೊಂದು. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಲಿಂಗಪರಿವರ್ತಿತರ ಹಕ್ಕುಗಳನ್ನು ಎತ್ತಿಹಿಡಿದ ತೀರ್ಪನ್ನೂ, ೨೦೧೯ರ ಕಾಯಿದೆಯನ್ನೂ ಓದುವ ವಿದ್ಯಾರ್ಥಿಯು ಇವೆರಡು ಗೂಡುಗಳ ಕಡೆಗೂ ಹೋಗುವ ಸಂಭವ ಕಡಮೆ. ವಿವಾದಸೂಚಿಯೊಂದಿದ್ದರೆ ವಚನದಿಂದ ತೀರ್ಪಿನವರೆಗೆ ಅವನಿಗೆ ದಾರಿ ತೆರೆಯುವುದು.

ಸಿರುಗುಪ್ಪಕ್ಕೆ ಬರೋಣ. ವಿಜಯನಗರದ ಕಾಲದ ಕಾಲುವೆಗಳು ಹಿಂದಿನಿಂದಲೂ ನದೀತೀರದ ನೆಲವನ್ನು ತೋಯಿಸುತ್ತಿದ್ದುವು. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿಯಲಾರಂಭಿಸಿದ ಮೇಲೆ ತಾಲ್ಲೂಕು ಭತ್ತಕ್ಕೆ ಹೆಸರಾಯಿತು. ಕಾಲುವೆಯ ವಿಷಯ ಎಂಜಿನಿಯರುಗಳ ಗ್ರಂಥಗಳಲ್ಲಿದೆ, ಭತ್ತದ ವಿಷಯ ಕೃಷಿಶಾಸ್ತ್ರದಲ್ಲಿದೆ. ನಾಟಿ ಮಾಡಿದ ಕೈಯ ವಿಷಯ ಎಲ್ಲಿದೆ? ಸಾಲಕ್ಕಾಗಿ ಜೀತಕ್ಕಿರುವ ಪದ್ಧತಿಯನ್ನು ೧೯೭೬ರ ಕಾಯಿದೆಯು ದೇಶದಲ್ಲೆಲ್ಲ ರದ್ದುಪಡಿಸಿತು. ಸಂವಿಧಾನದ ೨೩ನೆಯ ವಿಧಿಯು ಬಿಟ್ಟಿ ಚಾಕರಿಯನ್ನು ಅದಕ್ಕೂ ಮೊದಲೇ ನಿಷೇಧಿಸಿತ್ತು. ದೆಹಲಿಯಲ್ಲಿ ಏಷ್ಯಾ ಕ್ರೀಡೆಗಳ ಕಟ್ಟಡಗಳಿಗೆ ದುಡಿದ ಕೂಲಿಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೮೨ರಲ್ಲಿ ಕೊಟ್ಟ ತೀರ್ಪು ಪ್ರಸಿದ್ಧವಾಗಿದೆ: ಕನಿಷ್ಠ ಕೂಲಿಗಿಂತ ಕಡಮೆ ಕೊಟ್ಟು ದುಡಿಸಿದರೆ ಅದೂ ಬಲಾತ್ಕಾರದ ದುಡಿಮೆಯೇ ಎಂದು ಅಲ್ಲಿ ನಿರ್ಣಯಿಸಿದ್ದಾರೆ.

ಈ ತೀರ್ಪನ್ನು ಮೀಮಾಂಸೆಯ ಮೂರನೆಯ ಅಧ್ಯಾಯದೊಡನೆ ಇಟ್ಟು ಓದಬೇಕೆಂದು ನಾವು ಹೇಳಿದರೆ ನ್ಯಾಯವಾದಿಗಳು ನಗಬಹುದು. ಆದರೆ ಪ್ರಶ್ನೆ ಒಂದೇ. ಕರ್ಮದ ಫಲವು ಅದನ್ನು ಮಾಡಿದವನಿಗೆ ಸೇರುವುದು ಸಾಮಾನ್ಯನಿಯಮ. ಯಜ್ಞದಲ್ಲಿ ಕೆಲಸವನ್ನು ಮಾಡುವವರು ಋತ್ವಿಜರು, ಫಲವು ಮಾತ್ರ ಯಜಮಾನನಿಗೆ, ಹೇಗೆ? ಯಜಮಾನನು ದಕ್ಷಿಣೆ ಕೊಟ್ಟು ಅವರ ದುಡಿಮೆಯನ್ನು ಕ್ರಯಕ್ಕೆ ಪಡೆದಿದ್ದಾನೆ, ಅದಕ್ಕಾಗಿ. ಹಾಗಾದರೆ ದಕ್ಷಿಣೆಯನ್ನು ಕೊಡದೆ, ಅಥವ ನ್ಯಾಯವಾದುದನ್ನು ಕೊಡದೆ ದುಡಿಸಿದಾಗ ಫಲಸ್ವಾಮ್ಯವು ಯಾರದು? ಜೀತದವನು ಮಾಡಿದ ಬೆಳೆ ಯಾರಿಗೆ ಸಲ್ಲತಕ್ಕುದು? ಜೈಮಿನಿಯು ಕೂಲಿಕಾರರ ಪಕ್ಷವಹಿಸಿದನೆಂದು ಇದರಿಂದ ಹೇಳಹೊರಟರೆ ಅದು ಹಾಸ್ಯಾಸ್ಪದ. ಅವನ ಚಿಂತೆ ಯಜ್ಞದ್ದು. ದುಡಿಮೆ, ಕೂಲಿ, ಫಲ ಇವುಗಳ ಸಂಬಂಧವನ್ನು ನಮ್ಮ ಭಾಷೆಯ ವಿದ್ಯಾರ್ಥಿಯು ತನ್ನ ಪರಂಪರೆಯ ಪರಿಭಾಷೆಯಿಂದಲೇ ಕಟುವಾಗಿ ಪ್ರಶ್ನಿಸಬಹುದೆಂಬುದಷ್ಟೇ ನಮ್ಮ ಮಾತು. ಸಿರುಗುಪ್ಪದ ಸಂಗ್ರಹದಲ್ಲಿ ಈ ಎರಡರ ಜೊತೆಗೆ ಕನಿಷ್ಠ ಕೂಲಿಯ ಸರ್ಕಾರಿ ಪ್ರಕಟಣೆಗಳು, ಪಹಣಿಗಳ ನಕಲು, ಹಳೆಯ ಸಾಲಪತ್ರಗಳು, ನಾಟಿಯ ಹೆಂಗಸರ ಹಾಡುಗಳು ಇರಬೇಕು. ಕಾರಂತರ ‘ಚೋಮನ ದುಡಿ’ಯು (೧೯೩೩) ಬೇರೊಂದು ಸೀಮೆಯ ಕಥೆಯಾದರೂ, ಸಾಲವು ಮನುಷ್ಯನನ್ನು ನೆಲಕ್ಕೆ ಕಟ್ಟಿಯೂ ನೆಲದ ಒಡೆತನದಿಂದ ದೂರವಿಡುವ ಬಗೆಯನ್ನು ಅದರಷ್ಟು ಸ್ಪಷ್ಟವಾಗಿ ಯಾವ ವರದಿಯೂ ತಿಳಿಸಲಾರದು.

ಕುರುಗೋಡು ಹನ್ನೆರಡನೆಯ ಶತಮಾನದಲ್ಲಿ ಸಿಂದರ ರಾಜಧಾನಿ. ಇಂದು ಹೊಸದಾಗಿ ತಾಲ್ಲೂಕಾದ ಊರು. ದೊಡ್ಡಬಸವೇಶ್ವರನನ್ನು ನೋಡಲು ಬರುವವರು ಅಲ್ಲಿಯ ಶಾಸನಗಳ ಮುಂದೆ ನಿಲ್ಲುವುದು ಅಪೂರ್ವ. ಬಳ್ಳಾರಿ ಮೊದಲಾದ ಜಿಲ್ಲೆಗಳ ಕನ್ನಡ ಶಾಸನಗಳು ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಒಂಬತ್ತನೆಯ ಸಂಪುಟವಾಗಿ ಹೊರಬಂದುವು. ಅದರ ೧೯೩೯ರ ಮೊದಲನೆಯ ಭಾಗದ ಸಂಪಾದಕರು ಆರ್. ಶಾಮಶಾಸ್ತ್ರಿಗಳು ಮತ್ತು ಎನ್. ಲಕ್ಷ್ಮೀನಾರಾಯಣರಾಯರು. ಇದೇ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೈಸೂರಿನಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೊದಲು ಮುದ್ರಿಸಿ ಲೋಕಕ್ಕೆ ಕೊಟ್ಟವರು. ಒಬ್ಬರೇ ವಿದ್ವಾಂಸರ ಕೈಯಿಂದ ಬಂದ ಈ ಎರಡು ಗ್ರಂಥಗಳು ಭಂಡಾರಗಳಲ್ಲಿ ಒಂದನ್ನೊಂದು ನೋಡದಂತೆ ಕುಳಿತಿವೆ.

ಅವುಗಳನ್ನು ಎದುರುಬದುರಾಗಿ ಇಟ್ಟರೆ ಏನಾಗುವುದೆಂಬುದಕ್ಕೆ ‘ಬಿಟ್ಟಿ’ ಎಂಬ ಒಂದು ಮಾತು ಸಾಕು. ಸಂಸ್ಕೃತದ ವಿಷ್ಟಿಯ ತದ್ಭವವದು. ದತ್ತಿಯ ಊರನ್ನು ಎಲ್ಲ ಬಾಧೆಗಳಿಂದಲೂ ಬಿಡುಗಡೆ ಮಾಡಿದೆವೆಂದು ಶಾಸನಗಳು ಹೇಳುವಾಗ ಬಿಟ್ಟಿಯೂ ಹಲವೆಡೆ ಆ ಬಾಧೆಗಳಲ್ಲಿ ಸೇರಿರುತ್ತದೆ. ಒಂದು ಊರು ಬಿಡುಗಡೆಯಾಯಿತೆಂದರೆ ಉಳಿದ ಊರುಗಳಿಗೆ ಬಿಡುಗಡೆಯಿರಲಿಲ್ಲವೆಂಬುದು ಅರ್ಥಾಪತ್ತಿಯಿಂದಲೇ ಸಿದ್ಧ. ಬಿಡುಗಡೆಯಾದ ಊರಿನಲ್ಲಿಯೂ ಆ ದುಡಿಮೆ ನಿಂತಿತೋ, ಅರಸನ ಕೈಯಿಂದ ದತ್ತಿ ಪಡೆದವನ ಕೈಗೆ ಹೋಯಿತೋ ಎಂಬುದು ಒಂದೊಂದು ಶಾಸನವನ್ನೂ ನೋಡಿ ನಿರ್ಣಯಿಸಬೇಕಾದ ಪ್ರಶ್ನೆ. ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ದಾಸರನ್ನೂ ಕರ್ಮಕರರನ್ನೂ ಕುರಿತು ಒಂದು ಅಧ್ಯಾಯವಿದೆ. ಒತ್ತೆಯಿಟ್ಟ ಮನುಷ್ಯನಿಂದ ಹೆಣವನ್ನೂ ಮಲಮೂತ್ರಗಳನ್ನೂ ಹೊರಿಸಿದರೆ ಒಡೆಯನು ಕೊಟ್ಟ ಹಣವನ್ನು ಕಳೆದುಕೊಳ್ಳುವನೆಂದು ಅಲ್ಲಿ ವಿಧಿ. ೨೦೧೩ರಲ್ಲಿ ನಮ್ಮ ಸಂಸತ್ತು ಮಲ ಹೊರಿಸುವುದನ್ನು ನಿಷೇಧಿಸಿ ಮತ್ತೆ ಕಾಯಿದೆ ಮಾಡಬೇಕಾಯಿತೆಂಬುದನ್ನು ನೆನೆದರೆ ಕೌಟಿಲ್ಯನನ್ನು ಹೊಗಳುವ ಉತ್ಸಾಹ ತಗ್ಗುವುದು. ಏಕೆಂದರೆ ಹುಟ್ಟಿನಿಂದಲೇ ಆ ಕೆಲಸಕ್ಕೆ ಗುರಿಯಾದವರ ಮಾತು ಆ ಅಧ್ಯಾಯದಲ್ಲಿ ಇಲ್ಲವೇ ಇಲ್ಲ. ಶಾಸನಗಳ ಕೊನೆಯ ಶಾಪಾಶಯವನ್ನೂ ಹಕ್ಕಿನ ಚರಿತ್ರೆಗೆ ಸೇರಿಸಿಕೊಳ್ಳಬೇಕು. ದತ್ತಿಯನ್ನು ಕಸಿದವನಿಗೆ ಘೋರವಾದ ಗತಿಯನ್ನು ಹೇಳುವ ಆ ಶ್ಲೋಕಗಳು, ನ್ಯಾಯಾಲಯವು ಕಾಪಾಡದ ಹಕ್ಕನ್ನು ಭಯದಿಂದ ಕಾಪಾಡುವ ಉಪಾಯವಾಗಿದ್ದುವು. ಸಿಂದರ ಕಾಲವೂ ವಚನಕಾರರ ಕಾಲವೂ ಒಂದೇ ಶತಮಾನ. ದಾನ ಕೊಟ್ಟವರ ಮಾತಿನ ಪಕ್ಕದಲ್ಲಿ ಕಾಯಕ ಮಾಡಿದವರ ಮಾತನ್ನಿಡಲು ಇದಕ್ಕಿಂತ ಒಳ್ಳೆಯ ಸ್ಥಳವು ದೊರೆಯದು.

ನಗರದ ವಿಷಯವನ್ನು ಸಂಕ್ಷೇಪವಾಗಿ ಹೇಳುವೆವು. ೧೯೨೧ರ ನವೆಂಬರಿನಲ್ಲಿ ಮಾಪಿಳ್ಳೆ ಬಂಡಾಯದ ಸುಮಾರು ನೂರು ಮಂದಿ ಸೆರೆಯಾಳುಗಳನ್ನು ತಿರೂರಿನಿಂದ ಮುಚ್ಚಿದ ಸರಕಿನ ಗಾಡಿಯಲ್ಲಿ ತುಂಬಿ ಕಳುಹಿಸಿದರು. ಅರುವತ್ತಕ್ಕೂ ಹೆಚ್ಚು ಮಂದಿ ಉಸಿರುಗಟ್ಟಿ ಸತ್ತರು. ಅವರನ್ನು ಸಾಗಿಸುತ್ತಿದ್ದುದು ಬಳ್ಳಾರಿಯ ಸೆರೆಮನೆಗೆ. ಈ ದುರಂತದ ಗ್ರಂಥಗಳು ಕೇರಳದ ಚರಿತ್ರೆಯಲ್ಲಿವೆ. ಬಳ್ಳಾರಿಯ ಸೂಚಿಯಲ್ಲಿಯೂ ಅವು ಕಾಣಬೇಕು. ೧೮೭೬ರಿಂದ ೧೮೭೮ರವರೆಗಿನ ಬರದಲ್ಲಿ ಬಳ್ಳಾರಿಯು ಅತಿಯಾಗಿ ನರಳಿದ ಜಿಲ್ಲೆಗಳಲ್ಲೊಂದು. ದಿನಕ್ಕೆ ಒಂದು ಪೌಂಡು ಧಾನ್ಯದ ಲೆಕ್ಕದಲ್ಲಿ ಕೂಲಿಯನ್ನು ಇಳಿಸಿದ ಟೆಂಪಲ್ಲನಿಗೂ, ಅಷ್ಟರಲ್ಲಿ ದುಡಿಯುವ ಮನುಷ್ಯನು ಬದುಕಲಾರನೆಂದು ವಾದಿಸಿದ ವೈದ್ಯಾಧಿಕಾರಿ ಕಾರ್ನಿಷನಿಗೂ ನಡೆದ ವಿವಾದವು ಅನ್ನದ ಹಕ್ಕಿನ ಚರಿತ್ರೆಯಲ್ಲಿ ಮೊದಲನೆಯ ಅಧಿಕರಣವೆಂದರೂ ಸಲ್ಲುವುದು. ಡ್ಯೂಯಿಯ ವರ್ಗೀಕರಣ ಅಚ್ಚಾದುದೂ ಅದೇ ೧೮೭೬ರಲ್ಲಿ. ನಮ್ಮ ಜನರು ಅದನ್ನು ಧಾತು–ಈಶ್ವರ ಸಂವತ್ಸರಗಳ ಬರವೆಂದು ಕರೆದರು; ಸೂಚಿಯಲ್ಲಿ ಇಸವಿಯ ಜೊತೆಗೆ ಸಂವತ್ಸರದ ಹೆಸರೂ ಇಲ್ಲದಿದ್ದರೆ ಲಾವಣಿಯೂ ವರದಿಯೂ ಎಂದಿಗೂ ಸಂಧಿಸವು. ಗಣಿಗಳ ವಿಷಯದಲ್ಲಿ ಲೋಕಾಯುಕ್ತರಾಗಿದ್ದ ಸಂತೋಷ ಹೆಗ್ಡೆಯವರ ೨೦೦೮ರ ಮತ್ತು ೨೦೧೧ರ ವರದಿಗಳು ಎಲ್ಲರಿಗೂ ಗೊತ್ತು. ಭೂಗರ್ಭಶಾಸ್ತ್ರ, ಶ್ವಾಸರೋಗಗಳ ವೈದ್ಯ, ಅರಣ್ಯದ ಕಾನೂನು ಇವುಗಳನ್ನು ಜೊತೆಗಿಟ್ಟಲ್ಲದೆ ಆ ವರದಿಗಳು ಬರಿಯ ಅಂಕಿಗಳಾಗಿ ಉಳಿಯುವುವು.

ಹೀಗೆ ಸೇರಿಸುತ್ತ ಹೋದರೆ ಎಲ್ಲ ಪುಸ್ತಕವೂ ಹಕ್ಕಿನ ಪುಸ್ತಕವಾಗುವುದು, ಇದು ಅತಿವ್ಯಾಪ್ತಿಯೆಂದು ಯಾರಾದರೂ ಆಕ್ಷೇಪಿಸಬಹುದು. ಈ ಸೀಮೆಯಲ್ಲಿ ನಿಜವಾಗಿ ಎದ್ದ ಒಂದು ವಿವಾದಕ್ಕೆ ಸಾಕ್ಷಿಯಾಗಲಿ ಯುಕ್ತಿಯಾಗಲಿ ಆಗುವ ಗ್ರಂಥ ಮಾತ್ರ ಸೂಚಿಗೆ ಸೇರಲಿ ಎಂಬ ವಿಶೇಷಣವನ್ನು ಹಾಕಿದರೆ ಆ ದೋಷವು ನಿವಾರಣೆಯಾಗುವುದು. ಹಣದ ಆಕ್ಷೇಪವು ಅಷ್ಟು ಬಲವಾದುದಲ್ಲ. ಥರ್ಸ್ಟನ್, ಕೆಲ್ಸಲ್ಲನ ೧೮೭೨ರ ಜಿಲ್ಲಾ ಕೈಪಿಡಿ ಮೊದಲಾದ ಹಳೆಯ ಗ್ರಂಥಗಳು ಗ್ರಂಥಸ್ವಾಮ್ಯದ ಅವಧಿಯನ್ನು ದಾಟಿ ಅಂತರಜಾಲದಲ್ಲಿ ಕ್ರಯವಿಲ್ಲದೆ ದೊರೆಯುತ್ತಿವೆ. ಕಷ್ಟವಿರುವುದು ಭಾಷೆಯ ವಿಷಯದಲ್ಲಿ. ೧೯೫೩ನೆಯ ಅಕ್ಟೋಬರ್ ೧ರವರೆಗೆ ಮದ್ರಾಸಿಗೆ ಸೇರಿದ್ದ ಜಿಲ್ಲೆಯಾದುದರಿಂದ ಹಳೆಯ ದಫ್ತರದ ಬಹುಭಾಗವನ್ನು ಚೆನ್ನೈಯ ದಾಖಲೆಭಂಡಾರದಲ್ಲಿ ಹುಡುಕಬೇಕು. ೨೦೨೧ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದುದರಿಂದ ಹೊಸ ದಾಖಲೆಗಳೂ ಎರಡು ಕಡೆ ಹಂಚಿಹೋಗಿವೆ. ತೆಲುಗು, ಉರ್ದುಗಳನ್ನು ಬಿಟ್ಟು ಕನ್ನಡ–ಇಂಗ್ಲಿಷುಗಳಿಂದಲೇ ಈ ಸೀಮೆಯ ಸಂಗ್ರಹವನ್ನು ಮಾಡುವೆವೆಂದರೆ ಅದು ಅರೆಗಣ್ಣಿನ ನೋಟ. ಗ್ರಾಮಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಸೂಚಿಯ ಪ್ರತಿಯೊಂದಿದ್ದರೆ, ಶಾಸನವಿರುವ ಊರಿನವರೇ ಅದರ ತಪ್ಪುಗಳನ್ನು ತಿದ್ದಬಲ್ಲರು.

ಕಡೆಯದಾಗಿ ಬಾಯ್ದೆರೆಯ ಸಾಕ್ಷಿಗಳ ವಿಷಯ. ಬಸವಿಯಾಗಿದ್ದವಳು, ಜೀತದಿಂದ ಬಿಡುಗಡೆಯಾದವನು ಹೇಳಿದುದನ್ನು ಧ್ವನಿಮುದ್ರಿಸಿ ಇಡುವಾಗ ಆ ಮಾತಿನ ಫಲಸ್ವಾಮ್ಯ ಯಾರದೆಂಬುದನ್ನು ಮೊದಲು ನಿರ್ಣಯಿಸಬೇಕು. ಅದರಿಂದ ಪ್ರಬಂಧವನ್ನು ಬರೆದು ಪದವಿ ಪಡೆಯುವವನದಲ್ಲ, ಭಂಡಾರದ್ದೂ ಅಲ್ಲ, ಹೇಳಿದವರದೆಂದೇ ನಮ್ಮ ನಿರ್ಣಯ. ಆದುದರಿಂದ ಹೇಳಿದವರ ಭಾಷೆಯಲ್ಲಿಯೇ ಬರೆದ ಒಪ್ಪಿಗೆಯನ್ನು ಅವರಿಗೆ ಓದಿಹೇಳಿ ಪಡೆಯಬೇಕು. ಮುದ್ರಿಸಿದುದರ ಒಂದು ಪ್ರತಿ ಅವರ ಕೈಯಲ್ಲಿರಬೇಕು. ಯಾವಾಗ ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳುವ ಸ್ವಾತಂತ್ರ್ಯ ಅವರಿಗಿರಬೇಕು. ಸೂಚಿಯಲ್ಲಿ ವಿಷಯವೂ ವರ್ಷವೂ ತಾಲ್ಲೂಕಿನ ಹೆಸರೂ ಮಾತ್ರ ಕಾಣಲಿ. ಹೇಳಿದವರ ಹೆಸರು, ಊರು, ಮನೆತನಗಳು ಬೇರೊಂದು ದಫ್ತರದಲ್ಲಿ ಭಂಡಾರದ ಅಧಿಕಾರಿಯ ವಶದಲ್ಲಿ ಬೀಗದೊಳಗಿರಲಿ. ಕೇಳಬಂದ ಸಂಶೋಧಕನು ಏಕೆ ಬೇಕೆಂಬುದನ್ನು ಲಿಖಿತವಾಗಿ ಕೊಟ್ಟ ಮೇಲೆ, ಅದನ್ನು ಹೇಳಿದವರಿಗೆ ತಿಳಿಸಿ, ಅವರು ಒಪ್ಪಿದರೆ ಮಾತ್ರ ಧ್ವನಿಮುದ್ರಿಕೆಯನ್ನು ಕೇಳಿಸಬಹುದು.